ಅಮೆರಿಕದ ಸಿವಿಕ್ಸ್ (ಪೌರನೀತಿ) ಮತ್ತು ಭೂಪಟ: ಮಕ್ಕಳಿಗೆ ಯಾವ ಕ್ರಮದಲ್ಲಿ ಕಲಿಸಬೇಕು, ಎಲ್ಲೆಲ್ಲಿ ಎಡವುತ್ತಾರೆ

ಐವತ್ತು ರಾಜ್ಯಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹಾಡಿಬಿಡುವ ಮಗುವಿನ ಮುಂದೆ ಖಾಲಿ ಭೂಪಟ ಇಟ್ಟು "ಐಡಹೋ ಎಲ್ಲಿದೆ?" ಎಂದು ಕೇಳಿ. ಪೆನ್ಸಿಲ್ ಅಯೋವಾದ ಸುತ್ತ ಸುಳಿದಾಡಿ, ಒಹಾಯೊಗೆ ಹೋಗಿ ನಿಲ್ಲುತ್ತದೆ. ಹಾಡು ಬರುತ್ತದೆ, ಜಾಗ ಬರುವುದಿಲ್ಲ. ಸರ್ಕಾರದ ಪಾಠದಲ್ಲೂ ಇದೇ ಗತಿ. ಶಾಸನಸಭೆಯ ಎರಡು ಸದನ ಮತ್ತು ಸುಪ್ರೀಂ ಕೋರ್ಟಿನ 435, 100, 9 ಎಂಬ ಸಂಖ್ಯೆಗಳು ಬಾಯಿಗೆ ಬರುತ್ತವೆ, ಯಾರು ಯಾರನ್ನು ತಡೆಯಬಲ್ಲರು ಎಂದರೆ ಉತ್ತರವಿಲ್ಲ.

ಅಮೆರಿಕದ ಕನ್ನಡ ಮನೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಪಕ್ಕದಲ್ಲಿ ಕೂತು ಕಲಿಸುವ ಅಪ್ಪ ಅಮ್ಮನ ತಲೆಯಲ್ಲಿರುವುದು ಲೋಕಸಭೆ, ರಾಜ್ಯಸಭೆ, ರಾಜ್ಯಪಾಲರ ಚಿತ್ರ. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಅರ್ಧ ಪಾಠ ತಪ್ಪಾಗುತ್ತದೆ. ಆರನೇ ತರಗತಿಯಿಂದ ಹೈಸ್ಕೂಲಿನವರೆಗಿನ ಮಕ್ಕಳಿಗೆ ಕೆಳಗಿನ ಕ್ರಮ ಸರಿಹೊಂದುತ್ತದೆ. ದಿನಕ್ಕೆ 25 ನಿಮಿಷ, ವಾರಕ್ಕೆ ಐದು ದಿನ ಕೂತರೆ ಆರೇಳು ವಾರದ ಕೆಲಸ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಕೈಯಲ್ಲಿ ಇರಬೇಕಾದ್ದು

ರಾಜ್ಯಗಳ ಗಡಿ ಇರುವ, ಹೆಸರಿಲ್ಲದ ಅಮೆರಿಕದ ಭೂಪಟದ ಹತ್ತು ಪ್ರತಿ ಪ್ರಿಂಟ್ ಮಾಡಿಟ್ಟುಕೊಳ್ಳಿ. ಹೊರಗಿನ ಗೆರೆ ಮಾತ್ರ ಇರುವುದು ಇನ್ನೆರಡು ಬೇಕು. ನೀಲಿ, ಕಂದು, ಕೆಂಪು, ಹಸಿರು ಬಣ್ಣದ ಪೆನ್ಸಿಲ್, ನೂರು ಇಂಡೆಕ್ಸ್ ಕಾರ್ಡ್, ಒಂದು ಟೈಮರ್. ಸಂವಿಧಾನದ ಮೂಲಪಾಠ ಸುಮಾರು 4,500 ಪದಗಳಷ್ಟೇ, ಅದನ್ನೂ ಪ್ರಿಂಟ್ ಮಾಡಿ. ಆ್ಯಪ್ ಬೇಡ. ನಾಲ್ಕು ಆಯ್ಕೆಯಲ್ಲಿ ಒಂದನ್ನು ಒತ್ತುವ ಆಟದಲ್ಲಿ ಮಗು ಉತ್ತರವನ್ನು ಗುರುತಿಸುತ್ತದೆ, ನೆನಪಿನಿಂದ ಹೊರತೆಗೆಯುವುದಿಲ್ಲ. ಪರೀಕ್ಷೆಯಲ್ಲಿ ಬೇಕಾಗುವುದು ಎರಡನೆಯದು.

## ಹಂತ 1: ಮನೆ ವಿಳಾಸದಿಂದ ಶುರು

ವಾಷಿಂಗ್ಟನ್‌ನಿಂದ ಪಾಠ ಆರಂಭಿಸುವುದು ಎಲ್ಲರೂ ಮಾಡುವ ಮೊದಲ ತಪ್ಪು. ಮಗು ಇರುವ ಮನೆಯಿಂದ ಶುರು ಮಾಡಿ. ಒಂದು ಹಾಳೆಯಲ್ಲಿ ಕೆಳಗಿನಿಂದ ಮೇಲಕ್ಕೆ ಐದು ಸಾಲು ಬರೆಸಿ: ನಗರ ಅಥವಾ ಟೌನ್‌ಶಿಪ್, ಶಾಲಾ ಡಿಸ್ಟ್ರಿಕ್ಟ್, ಕೌಂಟಿ, ರಾಜ್ಯ, ದೇಶ. ಪ್ರತಿ ಸಾಲಿನ ಎದುರು ಆ ಹಂತದ ಚುನಾಯಿತ ಮುಖ್ಯಸ್ಥರ ಹುದ್ದೆ ಇರಲಿ. ಹೆಸರು ಈಗ ಬೇಡ.

ಟಪಾಲು ವಿಳಾಸವನ್ನು ನಂಬಬೇಡಿ. ಜಿಪ್ ಕೋಡ್ ಅಂಚೆಯವರ ಅನುಕೂಲಕ್ಕೆ ಮಾಡಿದ್ದು, ಊರಿನ ಗಡಿಗೆ ಅದು ಹೊಂದಬೇಕಿಲ್ಲ. ನ್ಯೂಜೆರ್ಸಿಯಲ್ಲಿ ವಿಳಾಸದಲ್ಲಿ ಪ್ರಿನ್ಸ್‌ಟನ್ ಎಂದಿರುವ ಎಷ್ಟೋ ಮನೆಗಳು ನಿಜಕ್ಕೂ ಪಕ್ಕದ ಪ್ಲೇನ್ಸ್‌ಬರೊ ಟೌನ್‌ಶಿಪ್‌ನಲ್ಲಿವೆ. ಪ್ರಿನ್ಸ್‌ಟನ್ ಇರುವುದು ಮರ್ಸರ್ ಕೌಂಟಿಯಲ್ಲಿ, ಪ್ಲೇನ್ಸ್‌ಬರೊ ಮಿಡಲ್‌ಸೆಕ್ಸ್ ಕೌಂಟಿಯಲ್ಲಿ. ವಿಳಾಸ ನೋಡಿ ಬರೆದರೆ ಕನಿಷ್ಠ ಎರಡು ಸಾಲು ತಪ್ಪುತ್ತವೆ. ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು ನೋಡಿ, ಯಾರ್ಯಾರಿಗೆ ಎಷ್ಟೆಷ್ಟು ಹೋಗುತ್ತದೆ ಎಂದು ಅದರಲ್ಲೇ ಇರುತ್ತದೆ. ಬಾಡಿಗೆ ಮನೆಯಾದರೆ ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಹುಡುಕಬಹುದು.

"ಡಿಸ್ಟ್ರಿಕ್ಟ್" ಎಂದ ತಕ್ಷಣ ನಮಗೆ ಜಿಲ್ಲೆ ನೆನಪಾಗುತ್ತದೆ. ಇಲ್ಲಿ ನಮ್ಮ ಜಿಲ್ಲೆಗೆ ಹತ್ತಿರದ್ದು ಕೌಂಟಿ. ಡಿಸ್ಟ್ರಿಕ್ಟ್ ಎಂದರೆ ಯಾವುದೋ ಒಂದು ಕೆಲಸಕ್ಕೆ ಗೆರೆ ಎಳೆದ ಪ್ರದೇಶ. ಶಾಲೆಗೆ ಒಂದು ಗೆರೆ, ಕಾಂಗ್ರೆಸ್ ಕ್ಷೇತ್ರಕ್ಕೆ ಇನ್ನೊಂದು, ಕೋರ್ಟಿಗೆ ಮತ್ತೊಂದು. ಇವು ಒಂದರ ಮೇಲೊಂದು ಅಡ್ಡಾದಿಡ್ಡಿ ಹಾಯುತ್ತವೆ. ಕೌಂಟಿಗೂ ಎಲ್ಲ ಕಡೆ ಒಂದೇ ಹೆಸರಿಲ್ಲ. ಲೂಸಿಯಾನಾದಲ್ಲಿ ಪ್ಯಾರಿಷ್, ಅಲಾಸ್ಕಾದಲ್ಲಿ ಬರೋ. ಟೆಕ್ಸಸ್‌ನಲ್ಲಿ 254 ಕೌಂಟಿಗಳಿದ್ದರೆ ಡೆಲವೇರ್‌ನಲ್ಲಿ ಮೂರೇ ಮೂರು.

ಈಗ ಇಪ್ಪತ್ತು ಕಾರ್ಡಿನಲ್ಲಿ ಇಪ್ಪತ್ತು ಕೆಲಸ ಬರೆದು ವಿಂಗಡಿಸಲು ಕೊಡಿ. ಪಾಸ್‌ಪೋರ್ಟ್, ನೋಟು ಅಚ್ಚು, ಸೈನ್ಯ, ಅಂಚೆ ಫೆಡರಲ್ (ಕೇಂದ್ರ) ಸರ್ಕಾರಕ್ಕೆ. ಡ್ರೈವಿಂಗ್ ಲೈಸೆನ್ಸ್ ರಾಜ್ಯಕ್ಕೆ. ಪೊಲೀಸ್ ಕೆಲಸ ನೋಡುವ ಶೆರಿಫ್ ಸಾಮಾನ್ಯವಾಗಿ ಕೌಂಟಿಗೆ. ಶಾಲಾ ಬಸ್ಸಿನ ಸಮಯ ಶಾಲಾ ಡಿಸ್ಟ್ರಿಕ್ಟಿಗೆ. ಆದಾಯ ತೆರಿಗೆಯನ್ನು ಫೆಡರಲ್ ಸರ್ಕಾರವೂ ಬಹಳಷ್ಟು ರಾಜ್ಯಗಳೂ ವಸೂಲು ಮಾಡುತ್ತವೆ, ಟೆಕ್ಸಸ್ ಮತ್ತು ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಇಂಟರ್‌ಸ್ಟೇಟ್ ಹೆದ್ದಾರಿಯ ಕಾರ್ಡಿನಲ್ಲಿ ಎಲ್ಲರೂ ಎಡವುತ್ತಾರೆ. ಹಣದ ದೊಡ್ಡ ಪಾಲು ಫೆಡರಲ್, ರಸ್ತೆಯ ಒಡೆತನ ಮತ್ತು ನಿರ್ವಹಣೆ ರಾಜ್ಯದ್ದು. ಇಂಥ ಕಾರ್ಡನ್ನು ಎರಡು ರಾಶಿಗಳ ನಡುವೆ ಇಡಬಹುದು ಎಂದು ಮಗುವಿಗೇ ಹೊಳೆಯಲಿ, ಕಾಯಿರಿ.

ಎಚ್ಚರಿಕೆಯ ಗುರುತು: ಮಗು ಎಲ್ಲ ಕಾರ್ಡನ್ನೂ ಅಧ್ಯಕ್ಷರ ರಾಶಿಗೆ ಹಾಕುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಇಪ್ಪತ್ತರಲ್ಲಿ ಹದಿನೇಳು ಸರಿಯಾದರೆ ಸಾಕು.

## ಹಂತ 2: ಹೆಸರಿಗೂ ಮೊದಲು ನದಿ, ಬೆಟ್ಟ

ಹೊರಗೆರೆ ಮಾತ್ರ ಇರುವ ಭೂಪಟ ತೆಗೆದುಕೊಳ್ಳಿ. ನೀಲಿ ಪೆನ್ಸಿಲಿನಲ್ಲಿ ಮಿನೆಸೋಟದಿಂದ ಲೂಸಿಯಾನಾದ ತುದಿಯವರೆಗೆ ಮಿಸಿಸಿಪಿ ನದಿಯನ್ನು ಮೇಲಿಂದ ಕೆಳಕ್ಕೆ ಎಳೆಸಿ. ಪಶ್ಚಿಮದಿಂದ ಮಿಸೌರಿ ನದಿ ಸೇಂಟ್ ಲೂಯಿಸ್ ಹತ್ತಿರ ಬಂದು ಸೇರುತ್ತದೆ, ಪೂರ್ವದಿಂದ ಒಹಾಯೊ ನದಿ ಇಲಿನಾಯ್ ರಾಜ್ಯದ ದಕ್ಷಿಣ ತುದಿಯಲ್ಲಿ ಸೇರುತ್ತದೆ. ಟೆಕ್ಸಸ್ ಮತ್ತು ಮೆಕ್ಸಿಕೊ ನಡುವೆ ರಿಯೊ ಗ್ರಾಂಡೆ. ಮೇಲೆ ಐದು ಮಹಾಸರೋವರಗಳು: ಸುಪೀರಿಯರ್, ಮಿಶಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಇವುಗಳಲ್ಲಿ ಪೂರ್ತಿ ಅಮೆರಿಕದ ಒಳಗೇ ಇರುವುದು ಮಿಶಿಗನ್ ಒಂದೇ.

ಕಂದು ಬಣ್ಣದಲ್ಲಿ ಪೂರ್ವಕ್ಕೆ ಅಪಲೇಶಿಯನ್, ಪಶ್ಚಿಮಕ್ಕೆ ರಾಕಿ, ಅದರಾಚೆ ಕರಾವಳಿಗೆ ಹತ್ತಿರ ಸಿಯೆರಾ ನೆವಾಡಾ ಮತ್ತು ಕ್ಯಾಸ್ಕೇಡ್. ಇಷ್ಟಾದರೆ ಭೂಪಟಕ್ಕೆ ಬೆನ್ನುಮೂಳೆ ಬಂದ ಹಾಗೆ.

ನದಿ ಮೊದಲು ಏಕೆಂದರೆ, ಹತ್ತು ರಾಜ್ಯಗಳ ಜಾಗವನ್ನು ಮಿಸಿಸಿಪಿ ಒಂದೇ ಹೇಳಿಬಿಡುತ್ತದೆ. ಪಶ್ಚಿಮ ದಡದಲ್ಲಿ ಮೇಲಿಂದ ಕೆಳಕ್ಕೆ ಮಿನೆಸೋಟ, ಅಯೋವಾ, ಮಿಸೌರಿ, ಅರ್ಕನ್ಸಾ, ಲೂಸಿಯಾನಾ. ಅಮೆರಿಕದ ಶಾಲೆಗಳಲ್ಲಿ ಈ ಐದನ್ನೂ ಪಕ್ಕಕ್ಕೆ ಮುಖ ಮಾಡಿ ನಿಂತ ಅಡುಗೆಯವನಂತೆ ತೋರಿಸುತ್ತಾರೆ. ಮಿನೆಸೋಟ ಟೋಪಿ, ಅಯೋವಾ ಮುಖ, ಮಿಸೌರಿ ಅಂಗಿ, ಅರ್ಕನ್ಸಾ ಪ್ಯಾಂಟು, ಲೂಸಿಯಾನಾ ಬೂಟು. ಅವನ ಮುಂದೆ ಬಾಣಲೆ ಹಾಗೆ ಚಾಚಿಕೊಂಡಿರುವುದು ಟೆನೆಸ್ಸೀ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಪೂರ್ವ ದಡದಲ್ಲಿ ವಿಸ್ಕಾನ್ಸಿನ್, ಇಲಿನಾಯ್, ಕೆಂಟಕಿ, ಟೆನೆಸ್ಸೀ, ಮಿಸಿಸಿಪಿ.

## ಹಂತ 3: ರಾಜ್ಯಗಳು, ಆಮೇಲೆ ರಾಜಧಾನಿಗಳು

ಅಕಾರಾದಿ ಹಾಡನ್ನು ಇಲ್ಲಿ ಬದಿಗಿಡಿ. ಅದರಲ್ಲಿ ಅಲಬಾಮಾದ ಪಕ್ಕದಲ್ಲಿ ಅಲಾಸ್ಕಾ ಬಂದು ಕೂರುತ್ತದೆ. ಜನಗಣತಿ ಇಲಾಖೆ ಮಾಡಿರುವ ನಾಲ್ಕು ವಲಯಗಳನ್ನು ಬಳಸಿ: ಪಶ್ಚಿಮ 13, ಮಿಡ್‌ವೆಸ್ಟ್ 12, ದಕ್ಷಿಣ 16, ಈಶಾನ್ಯ 9. ಪಶ್ಚಿಮದಿಂದಲೇ ಆರಂಭಿಸಿ, ಅಲ್ಲಿ ರಾಜ್ಯಗಳು ದೊಡ್ಡವು, ಬರೆಯಲು ಜಾಗವಿದೆ. ಈಶಾನ್ಯದ ಕಿರಿದಾದ ರಾಜ್ಯಗಳು ಕೊನೆಗಿರಲಿ. ಒಂದು ವಾರಕ್ಕೆ ಒಂದು ವಲಯ ಸಾಕು. ಅದೇ ವಾರದಲ್ಲಿ ಹಂತ 4ನ್ನೂ ಜೊತೆಗೆ ನಡೆಸಬಹುದು.

ಗೊಂದಲವಾಗುವ ಜೋಡಿಗಳು ಪ್ರತಿವರ್ಷ ಅವೇ. ಕೊಲರಾಡೊ ಮತ್ತು ವಯೋಮಿಂಗ್ ಎರಡೂ ಚೌಕದಂತಿವೆ. ಯೂಟಾ, ಕೊಲರಾಡೊ, ಅರಿಜೋನಾ, ನ್ಯೂ ಮೆಕ್ಸಿಕೊ ನಾಲ್ಕೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವನ್ನು ಮುಟ್ಟುವ ಚೌಕ ಕೊಲರಾಡೊ, ಅದರ ತಲೆಯ ಮೇಲಿನದು ವಯೋಮಿಂಗ್. ಅಲಬಾಮಾ ಮತ್ತು ಮಿಸಿಸಿಪಿ ಕನ್ನಡಿ ಬಿಂಬದಂತಿವೆ, ನದಿಗೆ ತಾಗಿದ್ದು ಮಿಸಿಸಿಪಿ. ವರ್ಮಾಂಟ್ ಮೇಲೆ ಅಗಲ, ನ್ಯೂ ಹ್ಯಾಂಪ್‌ಶೈರ್ ಕೆಳಗೆ ಅಗಲ.

ಶಾಲೆಯ ಭೂಪಟಗಳಲ್ಲಿ ಅಲಾಸ್ಕಾ ಮತ್ತು ಹವಾಯಿಯನ್ನು ಕೆಳಗಿನ ಮೂಲೆಯ ಚೌಕಟ್ಟಿನಲ್ಲಿ ಇಟ್ಟಿರುತ್ತಾರೆ. ಅಲಾಸ್ಕಾ ಮೆಕ್ಸಿಕೊ ಹತ್ತಿರದ ದ್ವೀಪ ಎಂದು ನಂಬಿರುವ ಮಕ್ಕಳು ಕಡಿಮೆಯೇನಿಲ್ಲ. ಗ್ಲೋಬ್ ಮೇಲೆ ಒಮ್ಮೆ ಬೆರಳಿಟ್ಟು ತೋರಿಸಿ. ಅದು ಕೆನಡಾದ ಆಚೆಗಿದೆ, ಟೆಕ್ಸಸ್‌ನ ಎರಡು ಪಟ್ಟಿಗಿಂತ ದೊಡ್ಡದು.

ಖಾಲಿ ಭೂಪಟದಲ್ಲಿ ಒಂದು ವಲಯದ ಎಲ್ಲ ರಾಜ್ಯ ತಪ್ಪಿಲ್ಲದೆ ತುಂಬಿದ ಮೇಲೆಯೇ ಆ ವಲಯದ ರಾಜಧಾನಿಗಳು. "ದೊಡ್ಡ ಊರೇ ರಾಜಧಾನಿ" ಎಂಬ ಊಹೆ ಬೆಂಗಳೂರು, ಚೆನ್ನೈ, ಮುಂಬೈ ನೋಡಿದವರಿಗೆ ಸಹಜ. ಇಲ್ಲಿ ಬಹುಪಾಲು ರಾಜ್ಯಗಳಲ್ಲಿ ಅದು ಸುಳ್ಳು. ನ್ಯೂಯಾರ್ಕಿಗೆ ಆಲ್ಬನಿ, ಕ್ಯಾಲಿಫೋರ್ನಿಯಾಕ್ಕೆ ಸ್ಯಾಕ್ರಮೆಂಟೊ, ಇಲಿನಾಯ್‌ಗೆ ಸ್ಪ್ರಿಂಗ್‌ಫೀಲ್ಡ್, ಪೆನ್ಸಿಲ್ವೇನಿಯಾಕ್ಕೆ ಹ್ಯಾರಿಸ್‌ಬರ್ಗ್, ಟೆಕ್ಸಸ್‌ಗೆ ಆಸ್ಟಿನ್, ವಾಷಿಂಗ್ಟನ್ ರಾಜ್ಯಕ್ಕೆ ಒಲಿಂಪಿಯಾ. ಕಾರ್ಡಿನ ಒಂದು ಬದಿಗೆ ರಾಜ್ಯದ ಆಕಾರ ಮಾತ್ರ ಬಿಡಿಸಿ, ಇನ್ನೊಂದು ಬದಿಗೆ ಹೆಸರು ಮತ್ತು ರಾಜಧಾನಿ. ಹೆಸರು ನೋಡಿ ರಾಜಧಾನಿ ಹೇಳುವುದನ್ನು ಮಾತ್ರ ಅಭ್ಯಾಸ ಮಾಡಿದರೆ ಆಕಾರ ಮರೆತುಹೋಗುತ್ತದೆ.

ಪೋರ್ಟೊ ರಿಕೊ, ಗುವಾಮ್, ವರ್ಜಿನ್ ದ್ವೀಪಗಳು, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾ ದ್ವೀಪಗಳು ರಾಜ್ಯಗಳಲ್ಲ, ಜನವಸತಿಯಿರುವ ಐದು ಟೆರಿಟರಿಗಳು, ಅಂದರೆ ಅಮೆರಿಕದ ಆಡಳಿತಕ್ಕೆ ಒಳಪಟ್ಟ ಪ್ರದೇಶಗಳು. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

## ಹಂತ 4: ಮೂರು ಅಂಗಗಳು, ಆರು ಬಾಣಗಳು

ಹಾಳೆಯಲ್ಲಿ ಮೂರು ಪೆಟ್ಟಿಗೆ: ಕಾಂಗ್ರೆಸ್, ಅಧ್ಯಕ್ಷ, ಸುಪ್ರೀಂ ಕೋರ್ಟ್. ಸಂವಿಧಾನದ 1, 2, 3ನೇ ಆರ್ಟಿಕಲ್‌ಗಳು ಇದೇ ಕ್ರಮದಲ್ಲಿ ಇವುಗಳ ಬಗ್ಗೆ ಹೇಳುತ್ತವೆ. ಆರ್ಟಿಕಲ್ ಎಂದರೆ ಭಾರತದ ಸಂವಿಧಾನದ ವಿಧಿಯಂತೆ ನೂರಾರು ಇಲ್ಲ, ಇರುವುದು ಏಳೇ. ಒಂದೊಂದೂ ಅಧ್ಯಾಯದಷ್ಟು ದೊಡ್ಡದು.

ಪೆಟ್ಟಿಗೆಯೊಳಗೆ ಸಂಖ್ಯೆ ಬರೆಸಿ. ಕಾಂಗ್ರೆಸ್‌ಗೆ ಎರಡು ಸದನ: ಹೌಸ್ (ಪ್ರತಿನಿಧಿಗಳ ಸಭೆ) ಮತ್ತು ಸೆನೆಟ್. ಹೌಸ್‌ನಲ್ಲಿ 435 ಸದಸ್ಯರು, ಅವಧಿ 2 ವರ್ಷ. ಸೆನೆಟ್‌ನಲ್ಲಿ 100, ಅವಧಿ 6 ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸ್ಥಾನಗಳಿಗೆ ಚುನಾವಣೆ. ಅಧ್ಯಕ್ಷರಿಗೆ 4 ವರ್ಷ, ಎರಡು ಸಲಕ್ಕಿಂತ ಹೆಚ್ಚು ಆಯ್ಕೆಯಾಗುವಂತಿಲ್ಲ. ಸುಪ್ರೀಂ ಕೋರ್ಟಿನಲ್ಲಿ 9 ನ್ಯಾಯಮೂರ್ತಿಗಳು, ನಿವೃತ್ತಿ ವಯಸ್ಸು ಇಲ್ಲ.

ಈಗ ಒಂದೊಂದು ಪೆಟ್ಟಿಗೆಯಿಂದ ಉಳಿದೆರಡಕ್ಕೂ ಬಾಣ. ಪ್ರತಿ ಬಾಣದ ಮೇಲೆ ಒಂದು ತಡೆ ಬರೆಯಬೇಕು. ಅಧ್ಯಕ್ಷರಿಂದ ಕಾಂಗ್ರೆಸ್‌ಗೆ: ವೀಟೊ, ಅಂದರೆ ಮಸೂದೆಯನ್ನು ಒಪ್ಪದೆ ತಿರುಗಿಸಿ ಕಳಿಸುವುದು. ಕಾಂಗ್ರೆಸ್‌ನಿಂದ ಅಧ್ಯಕ್ಷರಿಗೆ: ಹಣ ತಡೆಹಿಡಿಯುವುದು, ಇಂಪೀಚ್‌ಮೆಂಟ್. ಅಧ್ಯಕ್ಷರಿಂದ ಕೋರ್ಟಿಗೆ: ನ್ಯಾಯಮೂರ್ತಿಗಳ ನಾಮನಿರ್ದೇಶನ. ಕಾಂಗ್ರೆಸ್‌ನಿಂದ ಕೋರ್ಟಿಗೆ: ಆ ಹೆಸರಿಗೆ ಸೆನೆಟ್ ಒಪ್ಪಿಗೆ. ಕೋರ್ಟಿನಿಂದ ಎರಡೂ ಕಡೆಗೆ: ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನೂ ಆದೇಶವನ್ನೂ ರದ್ದು ಮಾಡುವುದು.

ಇಂಪೀಚ್ ಆದರು ಎಂದರೆ ಹುದ್ದೆ ಹೋಯಿತು ಎಂದಲ್ಲ. ಹೌಸ್ ಸರಳ ಬಹುಮತದಿಂದ ಆರೋಪ ಹೊರಿಸುತ್ತದೆ, ಸೆನೆಟ್ ಮೂರನೇ ಎರಡು ಬಹುಮತದಿಂದ ತಪ್ಪಿತಸ್ಥ ಎಂದರೆ ಮಾತ್ರ ಹುದ್ದೆ ಹೋಗುತ್ತದೆ.

### ಮನೆಯಲ್ಲಿ ಭಾರತದ ಲೆಕ್ಕ ಹಿಡಿದು ಆಗುವ ತಪ್ಪುಗಳು

ಕಾಂಗ್ರೆಸ್. ನಮ್ಮ ಬಾಯಲ್ಲಿ ಅದು ಪಕ್ಷ. ಇಲ್ಲಿ ಹೌಸ್ ಮತ್ತು ಸೆನೆಟ್ ಎರಡೂ ಸೇರಿದ ಶಾಸನಸಭೆ. ಹತ್ತು ವರ್ಷದ ಮಗು "ಕಾಂಗ್ರೆಸ್‌ನಲ್ಲಿ ರಿಪಬ್ಲಿಕನ್ನರೂ ಇದ್ದಾರಾ?" ಎಂದು ಕೇಳಿದರೆ ನಗಬೇಡಿ. ಊಟದ ಹೊತ್ತಿಗೆ ಅಜ್ಜನ ಮಾತು ಕೇಳಿದ್ದರ ಫಲ ಅದು.

ಗವರ್ನರ್. ಕರ್ನಾಟಕದ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾದವರು. ಕೆಲಸ ನೋಡಿದರೆ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಅಧ್ಯಕ್ಷರು ಅವರನ್ನು ತೆಗೆಯಲಾರರು.

ಸೆಕ್ರೆಟರಿ. ಕಾರ್ಯದರ್ಶಿ ಎಂದು ಕನ್ನಡಿಸಿದರೆ ವಿಧಾನಸೌಧದ ಐಎಎಸ್ ಅಧಿಕಾರಿ ಕಣ್ಣಮುಂದೆ ಬರುತ್ತಾರೆ. ಫೆಡರಲ್ ಸರ್ಕಾರದಲ್ಲಿ ಸೆಕ್ರೆಟರಿ ಎಂದರೆ ಇಲಾಖೆಯ ಮುಖ್ಯಸ್ಥ, ನಮ್ಮ ಲೆಕ್ಕದಲ್ಲಿ ಮಂತ್ರಿ. ಸೆಕ್ರೆಟರಿ ಆಫ್ ಸ್ಟೇಟ್ ವಿದೇಶಾಂಗ ಸಚಿವರಿಗೆ ಸಮ. ಇಷ್ಟು ಹೇಳಿದ ಮೇಲೆ ಇನ್ನೊಂದು ಗಂಟು ಇದೆ. ಹೆಚ್ಚಿನ ರಾಜ್ಯಗಳಲ್ಲೂ ಅದೇ ಹೆಸರಿನ ಹುದ್ದೆ ಇದ್ದು, ಅಲ್ಲಿ ಅದರ ಮುಖ್ಯ ಕೆಲಸಗಳಲ್ಲಿ ಒಂದು ಚುನಾವಣೆಯ ಉಸ್ತುವಾರಿ. ಎರಡಕ್ಕೂ ಬೇರೆ ಬೇರೆ ಬಣ್ಣದ ಕಾರ್ಡ್ ಮಾಡಿ.

ಮಂತ್ರಿಗಳು ಸದನದಲ್ಲಿ ಇರುತ್ತಾರೆ. ಇಲ್ಲಿ ಇರುವಂತಿಲ್ಲ. ಸೆನೆಟರ್ ಆಗಿದ್ದವರು ಸೆಕ್ರೆಟರಿಯಾದರೆ ಸೆನೆಟ್ ಬಿಡಬೇಕು. ಅವಿಶ್ವಾಸ ಗೊತ್ತುವಳಿಯೂ ಇಲ್ಲ. ಹೌಸ್‌ನಲ್ಲಿ ಎದುರಾಳಿ ಪಕ್ಷದ ಬಹುಮತ ಬಂದರೂ ಅಧ್ಯಕ್ಷರು ಅವಧಿ ಮುಗಿಯುವವರೆಗೆ ಇರುತ್ತಾರೆ.

ಸೆನೆಟ್ ಎಂದರೆ ರಾಜ್ಯಸಭೆ. ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಮ್‌ಗೆ 1. ಸೆನೆಟ್‌ನಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲ. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, ಆರು ಲಕ್ಷ ತುಂಬದ ವಯೋಮಿಂಗ್‌ಗೂ ಇಬ್ಬರು. 1913ರ 17ನೇ ತಿದ್ದುಪಡಿಯಿಂದ ಜನರೇ ನೇರವಾಗಿ ಆರಿಸುತ್ತಾರೆ, ಶಾಸಕರಲ್ಲ.

## ಹಂತ 5: ಒಂದು ಮಸೂದೆಯ ದಾರಿ

ದೊಡ್ಡ ಚಿತ್ರಪಟದ ಬದಲು ಒಂದು ಕಾರ್ಡನ್ನು ಮಸೂದೆ ಎಂದುಕೊಂಡು ಮೇಜಿನ ಮೇಲೆ ನಡೆಸಿ. ಸಮಿತಿ, ಹೌಸ್, ಸೆನೆಟ್‌ನ ಸಮಿತಿ, ಸೆನೆಟ್. ಎರಡೂ ಕಡೆ ಅಕ್ಷರಶಃ ಒಂದೇ ಪಠ್ಯ ಪಾಸಾಗಬೇಕು, ಇಲ್ಲವಾದರೆ ಅಧ್ಯಕ್ಷರ ಮೇಜಿಗೆ ಹೋಗುವುದೇ ಇಲ್ಲ. ಬಹಳಷ್ಟು ಮಸೂದೆಗಳು ಸಾಯುವುದು ಸಮಿತಿಯಲ್ಲೇ. ತೆರಿಗೆ ಮಸೂದೆ ಹೌಸ್‌ನಲ್ಲಿಯೇ ಹುಟ್ಟಬೇಕು.

ಸೆನೆಟ್‌ನಲ್ಲಿ ಪಾಸಾಗಲು ಸರಳ ಬಹುಮತ ಸಾಕು. ಆದರೆ ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಲು ಸಾಮಾನ್ಯವಾಗಿ 60 ಮತ ಬೇಕು. ಈ 60 ಸೆನೆಟ್ ತಾನೇ ಮಾಡಿಕೊಂಡ ನಿಯಮ, ಸಂವಿಧಾನದಲ್ಲಿ ಇಲ್ಲ. ಪರೀಕ್ಷೆಯಲ್ಲಿ ಈ ವ್ಯತ್ಯಾಸವನ್ನೇ ಹಿಡಿದು ಕೇಳುತ್ತಾರೆ.

ಅಧ್ಯಕ್ಷರಿಗೆ ಭಾನುವಾರ ಬಿಟ್ಟು ಹತ್ತು ದಿನ. ರುಜು ಹಾಕಿದರೆ ಕಾನೂನು. ವೀಟೊ ಮಾಡಿದರೆ ವಾಪಸ್. ಏನೂ ಮಾಡದೆ ಇಟ್ಟುಕೊಂಡರೆ, ಕಾಂಗ್ರೆಸ್ ಅಧಿವೇಶನದಲ್ಲಿದ್ದರೆ ಅದು ತಾನಾಗಿ ಕಾನೂನಾಗುತ್ತದೆ. ಅಷ್ಟರೊಳಗೆ ಕಾಂಗ್ರೆಸ್ ಮುಂದೂಡಲ್ಪಟ್ಟು ವಾಪಸ್ ಕಳಿಸಲು ದಾರಿಯಿಲ್ಲದಿದ್ದರೆ ಮಸೂದೆ ಸಾಯುತ್ತದೆ, ಅದೇ ಪಾಕೆಟ್ ವೀಟೊ. ವೀಟೊ ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡು. ಎಲ್ಲರೂ ಮತ ಹಾಕಿದರೆ ಹೌಸ್‌ನಲ್ಲಿ 290, ಸೆನೆಟ್‌ನಲ್ಲಿ 67. ಈ ಎರಡು ಸಂಖ್ಯೆಯನ್ನು ಮಗುವೇ ಭಾಗಾಕಾರ ಮಾಡಿ ತೆಗೆಯಲಿ.

## ಹಂತ 6: ಚುನಾವಣೆ, ಎಲೆಕ್ಟೋರಲ್ ಲೆಕ್ಕ

ದಿನಾಂಕದಿಂದ ಶುರು ಮಾಡಿ. "ನವೆಂಬರ್‌ನ ಮೊದಲ ಮಂಗಳವಾರ" ತಪ್ಪು ಉತ್ತರ. ಮೊದಲ ಸೋಮವಾರದ ನಂತರದ ಮಂಗಳವಾರ ಸರಿ. 2022ರಲ್ಲಿ ನವೆಂಬರ್ 1 ಮಂಗಳವಾರವೇ ಆಗಿತ್ತು, ಚುನಾವಣೆ ನಡೆದದ್ದು 8ಕ್ಕೆ. ಹೊಸ ಕಾಂಗ್ರೆಸ್ ಜನವರಿ 3ಕ್ಕೆ, ಅಧ್ಯಕ್ಷರ ಪ್ರಮಾಣ ಜನವರಿ 20ಕ್ಕೆ.

ಅಧ್ಯಕ್ಷರನ್ನು ಆರಿಸಲು ರಾಜ್ಯಕ್ಕಿಷ್ಟು ಎಂದು ಹಂಚಿದ ಎಲೆಕ್ಟೋರಲ್ ಮತವನ್ನು ಉರು ಹೊಡೆಸಬೇಡಿ, ಲೆಕ್ಕ ಹಾಕಿಸಿ. ಒಂದು ರಾಜ್ಯದ ಹೌಸ್ ಸದಸ್ಯರಿಗೆ ಎರಡು ಸೇರಿಸಿದರೆ ಆಯಿತು. 2020ರ ಜನಗಣತಿಯ ಪ್ರಕಾರ ಕ್ಯಾಲಿಫೋರ್ನಿಯಾ 52ಕ್ಕೆ 2 ಸೇರಿ 54, ಟೆಕ್ಸಸ್ 38ಕ್ಕೆ 2 ಸೇರಿ 40, ವಯೋಮಿಂಗ್ 1ಕ್ಕೆ 2 ಸೇರಿ 3. ವಾಷಿಂಗ್ಟನ್ ಡಿ.ಸಿ.ಗೆ 1961ರ 23ನೇ ತಿದ್ದುಪಡಿಯಿಂದ 3. ಒಟ್ಟು 435, 100, 3 ಕೂಡಿದರೆ 538, ಗೆಲ್ಲಲು 270. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟು ಉಳಿದೆಲ್ಲ ಕಡೆ ರಾಜ್ಯದಲ್ಲಿ ಮುಂದಿರುವವರಿಗೆ ಅಲ್ಲಿನ ಪೂರ್ತಿ ಮತ. ಅದಕ್ಕೇ 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ ಸುಮಾರು 29 ಲಕ್ಷ ಹೆಚ್ಚು ಮತ ಪಡೆದೂ ಸೋತರು. ಈ ಉದಾಹರಣೆಯನ್ನು ಮಗು ಖಾಲಿ ಭೂಪಟದಲ್ಲಿ ಬಣ್ಣ ತುಂಬಿ ಲೆಕ್ಕ ಹಾಕಿದರೆ ಹಂತ 3ರ ಪುನರಾವರ್ತನೆಯೂ ಆಗುತ್ತದೆ.

ಯಾರಿಗೂ 270 ಬಾರದಿದ್ದರೆ ಹೌಸ್ ಅಧ್ಯಕ್ಷರನ್ನು ಆರಿಸುತ್ತದೆ. ಆಗ ಸದಸ್ಯರಿಗೆ ಒಂದೊಂದು ಮತ ಅಲ್ಲ, ರಾಜ್ಯಕ್ಕೆ ಒಂದು.

## ಹಂತ 7: ಹಕ್ಕುಗಳು ಮತ್ತು ತಿದ್ದುಪಡಿಗಳು

27 ತಿದ್ದುಪಡಿಗಳನ್ನೂ ಸಾಲಾಗಿ ಕಲಿಯುವುದು ದಂಡ. ಗುಂಪು ಮಾಡಿ. 1ರಿಂದ 10, ಹಕ್ಕುಗಳ ಪಟ್ಟಿ, 1791. 13, 14, 15 ಅಂತರ್ಯುದ್ಧದ ನಂತರದವು: ಗುಲಾಮಗಿರಿ ರದ್ದು, ಪೌರತ್ವ ಮತ್ತು ಸಮಾನ ರಕ್ಷಣೆ, ವರ್ಣಭೇದವಿಲ್ಲದ ಮತ. ಮತದ ಹಕ್ಕಿನ ಸರಣಿ 15 (1870), 19 ಮಹಿಳೆಯರಿಗೆ (1920), 24 ಮತ ಹಾಕಲು ಕಟ್ಟಬೇಕಿದ್ದ ತೆರಿಗೆ ರದ್ದು (1964), 26 ಹದಿನೆಂಟು ವರ್ಷಕ್ಕೆ (1971). 18 ಮದ್ಯ ನಿಷೇಧಿಸಿತು, 21 ಅದನ್ನು ರದ್ದು ಮಾಡಿತು.

ಮೊದಲ ತಿದ್ದುಪಡಿಯ ಐದು ಸ್ವಾತಂತ್ರ್ಯ: ಧರ್ಮ, ಮಾತು, ಪತ್ರಿಕೆ, ಸಭೆ, ಸರ್ಕಾರಕ್ಕೆ ಅಹವಾಲು. ಕೊನೆಯದನ್ನು ಹತ್ತರಲ್ಲಿ ಎಂಟು ಮಕ್ಕಳಾದರೂ ಮರೆಯುತ್ತಾರೆ ಎಂದುಕೊಂಡೇ ಕಲಿಸಿ. ಈ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿಯನ್ನಲ್ಲ. "ಜೀವ, ಸ್ವಾತಂತ್ರ್ಯ, ಸುಖದ ಅನ್ವೇಷಣೆ" 1776ರ ಸ್ವಾತಂತ್ರ್ಯ ಘೋಷಣೆಯಲ್ಲಿದೆ, 1787ರಲ್ಲಿ ಬರೆದ ಸಂವಿಧಾನದಲ್ಲಿ ಅಲ್ಲ. ಎರಡು ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆಸಿ.

## ಕೊನೆಯ ವಾರ

ದಿನ ಬಿಟ್ಟು ದಿನ ಖಾಲಿ ಭೂಪಟಕ್ಕೆ 12 ನಿಮಿಷ, ಮೂರು ಪೆಟ್ಟಿಗೆಯ ಹಾಳೆಗೆ 5 ನಿಮಿಷ ಟೈಮರ್ ಇಡಿ. 50ರಲ್ಲಿ 45 ರಾಜ್ಯ, ಆರರಲ್ಲಿ ಆರು ಬಾಣ ಬರಬೇಕು. ತಪ್ಪಿದ ಕಾರ್ಡುಗಳನ್ನಷ್ಟೇ ಮರುದಿನ ಕೇಳಿ. ಆಮೇಲೆ ಪೌರತ್ವ ಪರೀಕ್ಷೆಯ ಅಧಿಕೃತ ಪ್ರಶ್ನೆಪಟ್ಟಿ ತೆಗೆಯಿರಿ. 2025ರ ಆವೃತ್ತಿಯಲ್ಲಿ 128 ಪ್ರಶ್ನೆಗಳಿವೆ, ಸಂದರ್ಶನದಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. ಅರ್ಜಿ ಹಾಕಿರುವ ಅಪ್ಪ ಅಮ್ಮನನ್ನು ಮಗುವೇ ಪರೀಕ್ಷಿಸಲಿ, ತಪ್ಪು ಹುಡುಕುವ ಹುಮ್ಮಸ್ಸಿನಲ್ಲಿ ಅದಕ್ಕೇ ಪಕ್ಕಾ ಆಗುತ್ತದೆ.

ಹಾಲಿ ಹುದ್ದೆಯಲ್ಲಿರುವವರ ಹೆಸರುಗಳನ್ನು ಹಿಂದಿನ ರಾತ್ರಿಯೇ ನೋಡಿ: ಅಧ್ಯಕ್ಷ, ಉಪಾಧ್ಯಕ್ಷ, ಹೌಸ್ ಸ್ಪೀಕರ್, ಮುಖ್ಯ ನ್ಯಾಯಮೂರ್ತಿ, ನಿಮ್ಮ ಗವರ್ನರ್, ಇಬ್ಬರು ಸೆನೆಟರ್, ನಿಮ್ಮ ಕ್ಷೇತ್ರದ ಪ್ರತಿನಿಧಿ. ಹಳೆಯ ಪುಸ್ತಕದಲ್ಲಿರುವ ಹೆಸರು ಹಳೆಯದೇ ಇರುತ್ತದೆ. ಹೌಸ್‌ನ ಅಧಿಕೃತ ಜಾಲತಾಣದಲ್ಲಿ ಜಿಪ್ ಕೋಡ್ ಹಾಕಿದರೆ ಪ್ರತಿನಿಧಿಯ ಹೆಸರು ಬರುತ್ತದೆ, ಒಂದೇ ಜಿಪ್‌ನಲ್ಲಿ ಎರಡು ಕ್ಷೇತ್ರ ಬಂದರೆ ಪೂರ್ತಿ ವಿಳಾಸ ಕೊಡಿ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಇರುವವರ ಕಾರ್ಡಿನಲ್ಲಿ ಸೆನೆಟರ್ ಜಾಗ ಖಾಲಿ ಇರಬೇಕು, ಗವರ್ನರ್ ಇರುವ ಕಡೆ ಮೇಯರ್ ಹೆಸರು, ಪ್ರತಿನಿಧಿ ಇರುವ ಕಡೆ ಸದನದಲ್ಲಿ ಮತವಿಲ್ಲದ ಡೆಲಿಗೇಟ್ ಹೆಸರು.